ಕೊಳಚೆ ಟ್ಯಾಂಕಿನ ಕಾಂಕ್ರೀಟು ಉದುರುತ್ತಿದೆಯಾ? ಕೋಟಿಂಗ್ ಹೊಡೆಸುವ ಮೊದಲು ಇದನ್ನು ಓದಿ

ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಹಾಕಿದಿರಿ. ಸ್ಲ್ಯಾಬಿನ ಅಡಿಭಾಗ ಬಿಳಿ ಪುಡಿಯಾಗಿ ಉದುರುತ್ತಿದೆ, ಅಲ್ಲಲ್ಲಿ ಕಂಬಿ ಹೊರಗೆ ಕಾಣುತ್ತಿದೆ, ಆದರೆ ನೀರಿನೊಳಗೆ ಇದ್ದ ಗೋಡೆ ಮಾತ್ರ ಗಟ್ಟಿಯಾಗೇ ಇದೆ. ಮಂಜೇಶ್ವರದಿಂದ ಕಾಸರಗೋಡಿನ ತನಕ ಹೆದ್ದಾರಿ ಬದಿಯಲ್ಲಿ ಎದ್ದ ಫ್ಲಾಟು, ಲಾಡ್ಜು, ಮದುವೆ ಹಾಲುಗಳ ಅಡಿಯಲ್ಲಿ ಇಂಥ ಟ್ಯಾಂಕುಗಳು ಬೇಕಾದಷ್ಟಿವೆ. ಮೇಲೆ ಟೈಲ್ಸಿಗೆ ತಲೆ ಕೆಡಿಸಿಕೊಂಡವರು ಅಡಿಯ ಟ್ಯಾಂಕಿನ ಕಡೆ ನೋಡುವುದು ವಾಸನೆ ಬಂದಾಗ, ಇಲ್ಲವೇ ಬಾವಿ ನೀರು ಕೆಟ್ಟಾಗ. ಆಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಯಾವ ಕೋಟಿಂಗ್ ಒಳ್ಳೆಯದು?"

ಅದು ನಾಲ್ಕನೇ ಪ್ರಶ್ನೆ. ಕಾಂಕ್ರೀಟನ್ನು ತಿಂದದ್ದು ಏನು, ನೀರು ಹೊರಗಿನಿಂದ ಒಳಗೆ ಬರುತ್ತಿದೆಯಾ, ಒಳಗೆ ಇಳಿಯುವವನು ಜೀವಂತ ಮೇಲೆ ಬರುವ ಹಾಗೆ ಏನು ವ್ಯವಸ್ಥೆ ಇದೆ, ಈ ಮೂರಕ್ಕೆ ಉತ್ತರ ಸಿಕ್ಕಿದ ಮೇಲೆ ಡಬ್ಬದ ಹೆಸರು ಕೇಳಿ. ದುಬಾರಿ ಕೋಟಿಂಗ್ ಒಂದೇ ಮಳೆಗಾಲಕ್ಕೆ ಎದ್ದು ಬಂದರೆ ಹೆಚ್ಚಿನ ಸಲ ತಪ್ಪು ಡಬ್ಬದ್ದಲ್ಲ, ಅಡಿಯ ತಯಾರಿಯದ್ದು.

ತಿನ್ನುವುದು ನೀರಲ್ಲ, ಮೇಲಿನ ಗ್ಯಾಸು

ಕೊಳಚೆ ನೀರಿನ ಅಡಿಯಲ್ಲಿ, ಗೋಡೆಯ ಲೋಳೆಯಲ್ಲಿ ಗಾಳಿ ಇರುವುದಿಲ್ಲ. ಅಲ್ಲಿರುವ ಬ್ಯಾಕ್ಟೀರಿಯಾಗಳು ನೀರಿನಲ್ಲಿರುವ ಸಲ್ಫೇಟನ್ನು ಬಳಸಿ ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಕೊಳೆತ ಮೊಟ್ಟೆ ವಾಸನೆ ಬರುವುದು ಇದರಿಂದಲೇ. ಈ ಗ್ಯಾಸು ಮೇಲೆದ್ದು ನೀರಿನ ಮಟ್ಟಕ್ಕೂ ಸ್ಲ್ಯಾಬಿಗೂ ನಡುವಿನ ಖಾಲಿ ಜಾಗದಲ್ಲಿ ತುಂಬುತ್ತದೆ. ಸ್ಲ್ಯಾಬಿನ ಅಡಿ ಯಾವಾಗಲೂ ಬೆವರುತ್ತಿರುತ್ತದೆ ಅಲ್ವಾ, ಆ ತೇವದಲ್ಲಿ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ಕೂತಿರುತ್ತವೆ. ಅವು ಈ ಗ್ಯಾಸನ್ನು ಸಲ್ಫ್ಯೂರಿಕ್ ಆಸಿಡ್ ಮಾಡಿಬಿಡುತ್ತವೆ. ಹೊಸ ಕಾಂಕ್ರೀಟಿನ ಪಿಎಚ್ (ಆಸಿಡ್ ಗುಣದ ಅಳತೆ, 7ಕ್ಕಿಂತ ಕೆಳಗೆ ಇಳಿದಷ್ಟೂ ಆಸಿಡ್ ಜೋರು) 12ರಿಂದ 13 ಇರುತ್ತದೆ. ಕೆಟ್ಟ ಟ್ಯಾಂಕುಗಳಲ್ಲಿ ಮೇಲ್ಮೈಯ ಪಿಎಚ್ 2ಕ್ಕೂ ಕೆಳಗೆ ಇಳಿಯುತ್ತದೆ. ಆಸಿಡ್ ಸಿಮೆಂಟನ್ನು ಜಿಪ್ಸಂ ಮಾಡುತ್ತದೆ. ನೀವು ನೋಡಿದ ಬಿಳಿ ಪುಡಿ ಅದೇ.

ಆದ್ದರಿಂದ ಹಾಳಾಗುವುದು ನೀರಿನ ಗೆರೆಯಿಂದ ಮೇಲೆ. ಇದನ್ನು ನೆನಪಿಡಿ, ಯಾಕೆಂದರೆ ಎಷ್ಟೋ ಕಡೆ ಕೋಟಿಂಗನ್ನು ನೆಲಕ್ಕೂ ಗೋಡೆಗೂ ಚೆನ್ನಾಗಿ ಬಳಿದು, ಕತ್ತು ಮೇಲೆತ್ತಿ ಕೆಲಸ ಮಾಡುವುದು ಕಷ್ಟ ಅಂತ ಸ್ಲ್ಯಾಬಿನ ಅಡಿಯನ್ನು ಬಿಟ್ಟಿರುತ್ತಾರೆ.

ಕಡಲ ಬದಿಯವರಿಗೆ ಇನ್ನೊಂದು ತಾಪತ್ರಯ ಇದೆ. ಉಪ್ಪಳ, ಕುಂಬಳೆ, ಮೊಗ್ರಾಲು ಕಡೆ ಸಮುದ್ರದ ಹತ್ತಿರದ ಬಾವಿಗೆ ಬೇಸಿಗೆಯಲ್ಲಿ ಉಪ್ಪುನೀರು ನುಗ್ಗಿದರೆ ಅದರ ಜೊತೆ ಸಲ್ಫೇಟೂ ಬರುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 2700 ಮಿಲಿಗ್ರಾಂ ಸಲ್ಫೇಟು ಇರುತ್ತದೆ. ಅಂಥ ನೀರನ್ನೇ ಬಳಸುವ ಮನೆಯ ಟ್ಯಾಂಕಿನಲ್ಲಿ ಗ್ಯಾಸಿಗೆ ಬೇಕಾದ ಕಚ್ಚಾ ಮಾಲು ಜಾಸ್ತಿ. ಮೇಲಿಂದ ಉಪ್ಪಿನ ಕ್ಲೋರೈಡು ಕಂಬಿಗೆ ತುಕ್ಕು ಹಿಡಿಸುತ್ತದೆ. ಕಟ್ಟುವಾಗಲೇ ಅಳಿವೆ ಬದಿಯ ಹೊಯಿಗೆ ಹಾಕಿದ್ದರಂತೂ ಕೇಳುವುದೇ ಬೇಡ.

ಹಟ್ಟಿ ಇರುವ ಮನೆಯವರಿಗೂ ಒಂದು ಮಾತು. ಗೋಬರ್ ಗ್ಯಾಸ್ ಗುಂಡಿಯ ಗುಮ್ಮಟ ಒಳಗಿನಿಂದ ಹಾಳಾಗುವುದರಲ್ಲೂ ಇದೇ ಗ್ಯಾಸಿನ ಕೈವಾಡ ಇದೆ. ಅಲ್ಲಿ ಮೀಥೇನೂ ತುಂಬಿರುವುದರಿಂದ ಅಪಾಯ ಇನ್ನೂ ಹೆಚ್ಚು.

ಇಳಿಯುವ ವಿಷಯ

ಇದನ್ನು ಓದದೆ ಮುಂದೆ ಹೋಗಬೇಡಿ.

ಹೈಡ್ರೋಜನ್ ಸಲ್ಫೈಡಿನ ಕೆಟ್ಟ ಗುಣ ಏನೆಂದರೆ, ಸ್ವಲ್ಪ ಇದ್ದಾಗ ಜೋರು ವಾಸನೆ, ಜಾಸ್ತಿ ಆದಾಗ ವಾಸನೆಯೇ ಇಲ್ಲ. ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 100 ಪಾಲು) ಆದರೆ ಮೂಗು ಸತ್ತುಹೋಗುತ್ತದೆ. 500ರಿಂದ 700 ಆದರೆ ಮನುಷ್ಯ ಬೇಗ ಬಿದ್ದುಬಿಡುತ್ತಾನೆ, 1000 ಆದರೆ ಒಂದೆರಡು ಉಸಿರಿಗೇ ಸಾಕು. ಗಾಳಿಗಿಂತ ಭಾರ, ಅದಕ್ಕೆ ತಳದಲ್ಲೇ ನಿಲ್ಲುತ್ತದೆ. ಟ್ಯಾಂಕು ಖಾಲಿ ಮಾಡಿದ್ದೇವೆ, ವಾಸನೆ ಹೋಗಿದೆ, ಇನ್ನೇನು ಅಂತ ಇಳಿದವರು ಉಳಿದ ಕೆಸರನ್ನು ಕಾಲಿನಲ್ಲಿ ಕಲಕಿದಾಗ ಗ್ಯಾಸು ಒಮ್ಮೆಲೇ ಏಳುತ್ತದೆ. ಒಬ್ಬ ಬಿದ್ದ, ಅವನನ್ನು ಎತ್ತಲು ಇನ್ನೊಬ್ಬ ಹಾರಿದ, ಅವನೂ ಬಿದ್ದ. ಪೇಪರಿನಲ್ಲಿ ಓದುವ ಸುದ್ದಿಗಳಲ್ಲಿ ಎರಡು ಮೂರು ಹೆಣ ಒಟ್ಟಿಗೆ ಇರುವುದು ಇದಕ್ಕೇ.

ಮೊಂಬತ್ತಿ ಇಳಿಸಿ ನೋಡುವ ಹಳೇ ಪದ್ಧತಿ ಬಾವಿಗೆ ಇರಬಹುದು, ಇಲ್ಲಿ ಬೇಡ. ಗಾಳಿಯಲ್ಲಿ ಮೀಥೇನ್ 5% ಆದರೆ ಬೆಂಕಿ ಹತ್ತಿ ಸಿಡಿಯುತ್ತದೆ, ನೀವು ಕೈಯಾರೆ ಬೆಂಕಿ ಕೊಟ್ಟಂತಾಗುತ್ತದೆ. ಅದೂ ಅಲ್ಲದೆ ಮೊಂಬತ್ತಿಗೆ ಹೈಡ್ರೋಜನ್ ಸಲ್ಫೈಡ್ ಗೊತ್ತಾಗುವುದಿಲ್ಲ.

ಬೇಕಾದದ್ದು ನಾಲ್ಕು ಗ್ಯಾಸುಗಳನ್ನು ಅಳೆಯುವ ಮೀಟರು. ಹಗ್ಗಕ್ಕೆ ಕಟ್ಟಿ ಮೇಲೆ, ನಡುವೆ, ತಳದಲ್ಲಿ ಮೂರು ಕಡೆ ನೋಡಬೇಕು. ಆಕ್ಸಿಜನ್ 20.9% ಇರಬೇಕು, 19.5ಕ್ಕಿಂತ ಕಡಿಮೆ ಇದ್ದರೆ ಇಳಿಯಬಾರದು. ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂ ತೋರಿಸಿದರೆ ಒಳಗಿದ್ದವರು ಹೊರಗೆ ಬರಬೇಕು. ಇರುವ ಎಲ್ಲಾ ಮುಚ್ಚಳ ತೆಗೆದಿಡಿ, ಬ್ಲೋವರಿನ ಪೈಪು ತಳದವರೆಗೆ ಹೋಗಲಿ, ಕೆಲಸ ಮುಗಿಯುವ ತನಕ ಬ್ಲೋವರ್ ನಿಲ್ಲಿಸಬೇಡಿ. ಇಳಿಯುವವನಿಗೆ ಬೆಲ್ಟು, ಹಗ್ಗ, ಮೇಲೆ ಮುಕ್ಕಾಲಿ ಮತ್ತು ಎತ್ತುವ ರಾಟೆ. ಮೇಲೆ ಒಬ್ಬ ಬೇರೆ ಕೆಲಸ ಇಲ್ಲದೆ ಸುಮ್ನೆ ನಿಂತು ನೋಡುತ್ತಿರಬೇಕು. ಅವನಿಗೆ ಕೊಡುವ ಸಂಬಳ ದಂಡ ಅಂತ ಯಾವ ಮಾಲೀಕನೂ ಹೇಳಬಾರದು.

ಮಲ ತೆಗೆಯುವುದು, ಕೆಸರು ಬಾಚುವುದು ಮನುಷ್ಯರ ಕೈಯಲ್ಲಿ ಆಗಲೇಬಾರದು. ಅದಕ್ಕೆ ಸಕ್ಕಿಂಗ್ ಲಾರಿ ಇದೆ. ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸಿದ 2013ರ ಕಾನೂನಿನ ಪ್ರಕಾರ ರಕ್ಷಣೆ ಇಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಜನ ಇಳಿಸಿ ಕ್ಲೀನ್ ಮಾಡಿಸಿದರೆ ಮೊದಲ ಸಲಕ್ಕೇ 2 ವರ್ಷದ ತನಕ ಜೈಲು ಅಥವಾ 2 ಲಕ್ಷದ ತನಕ ದಂಡ, ಎರಡೂ ಆಗಬಹುದು. ಇಂಥ ಕೆಲಸದಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದೆ. ಲಾರಿ ತುಂಬಿದ ಮೇಲೆ ಅದು ಎಲ್ಲಿ ಹೋಗುತ್ತದೆ ಅಂತಲೂ ಕೇಳಿ. ರಾತ್ರಿ ಹೊಳೆಗೆ ಬಿಡುವವರು ಇದ್ದಾರೆ, ಅವರ ರೇಟು ಕಡಿಮೆ ಇರುವುದು ಅದಕ್ಕೇ.

ಯಾವ ತಿಂಗಳಲ್ಲಿ

ಜನವರಿಯಿಂದ ಏಪ್ರಿಲ್. ಮೇ ಕೊನೆಯ ಪತ್ತನಾಜೆಗೆ ಮೊದಲು ಟ್ಯಾಂಕು ವಾಪಸ್ ತುಂಬಿರಬೇಕು.

ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಟಿ ತಿಂಗಳಲ್ಲಿ ಬಾವಿಯ ನೀರು ಕೈಗೆ ಸಿಗುವಷ್ಟು ಮೇಲೆ ಬರುವ ಊರುಗಳಿವೆ. ಆಗ ಟ್ಯಾಂಕು ಖಾಲಿ ಮಾಡಿದರೆ ಹೊರಗಿನ ನೀರು ಗೋಡೆಯನ್ನು ಒಳಕ್ಕೆ ಒತ್ತುತ್ತದೆ, ತಳವನ್ನು ಮೇಲಕ್ಕೆ ಎತ್ತುತ್ತದೆ. 3 ಮೀಟರ್ ಉದ್ದ, 2 ಅಗಲ, 2 ಆಳದ ಟ್ಯಾಂಕಿನ ಸುತ್ತ ಪೂರ್ತಿ ನೀರು ನಿಂತರೆ ಅದನ್ನು ಮೇಲಕ್ಕೆ ತಳ್ಳುವ ಬಲ 12 ಟನ್. ಟ್ಯಾಂಕಿನ ಭಾರ ಅಷ್ಟಿಲ್ಲದಿದ್ದರೆ ಅದು ನಿಂತ ಜಾಗದಿಂದ ಏಳುತ್ತದೆ, ಪೈಪುಗಳು ಮುರಿಯುತ್ತವೆ. ಏಳದಿದ್ದರೂ, ಒಸರುವ ಗೋಡೆಯ ಒಳಮೈಗೆ ಬಳಿದ ಎಪಾಕ್ಸಿಯನ್ನು (ಎರಡು ಡಬ್ಬದ ಮಾಲು ಸೇರಿಸಿದಾಗ ಗಟ್ಟಿಯಾಗುವ ಕೋಟಿಂಗ್) ಹಿಂದಿನಿಂದ ನೀರು ಒತ್ತಿ ಗುಳ್ಳೆ ಎಬ್ಬಿಸುತ್ತದೆ. ಆಮೇಲೆ ಅದು ಹಾವಿನ ಪೊರೆಯ ಹಾಗೆ ಉದ್ದಕ್ಕೆ ಸುಲಿದು ಬರುತ್ತದೆ.

ಕೆಲಸಕ್ಕೆ ಕಡಿಮೆ ಎಂದರೂ ಎರಡು ವಾರ ಬೇಕು. ಗಾರೆ ಹಾಕಿದ್ದು ಜಾಸ್ತಿ ಇದ್ದು ಅದು ಪೂರ್ತಿ ಒಣಗಲು ಕಾಯಬೇಕಾದರೆ ಇನ್ನೂ ಹೆಚ್ಚು. ಅಷ್ಟು ದಿನ ಮನೆಯವರು ಎಲ್ಲಿಗೆ ಹೋಗುವುದು? ಇದನ್ನು ಯಾರೂ ಮೊದಲು ಯೋಚಿಸುವುದಿಲ್ಲ. ಎರಡು ಕೋಣೆಯ ಟ್ಯಾಂಕಾದರೆ ಒಂದನ್ನು ಬಂದ್ ಮಾಡಿ ಇನ್ನೊಂದನ್ನು ಓಡಿಸಲು ಆಗುತ್ತದಾ ನೋಡಿ. ಫ್ಲಾಟಾದರೆ ತಾತ್ಕಾಲಿಕ ಪ್ಲಾಸ್ಟಿಕ್ ಟ್ಯಾಂಕು ಇಟ್ಟು ದಿನಾ ಲಾರಿ ಕರೆಯಬೇಕಾದೀತು. ಆ ಖರ್ಚನ್ನು ಎಸ್ಟಿಮೇಟಿಗೆ ಸೇರಿಸಿ. ಹೀಗೆ ತಿರುಗಿಸಿದ ಪೈಪಿನ ಬಾಯಿಯನ್ನು ಗಟ್ಟಿಯಾಗಿ ಮುಚ್ಚಬೇಕು. ಕೆಲಸ ನಡೆಯುವಾಗ ಮೇಲೆ ಯಾರೋ ಫ್ಲಶ್ ಮಾಡಿ ಒಳಗಿದ್ದವನ ತಲೆಗೆ ಬಿದ್ದ ಕತೆಗಳು ಕೇಳಲು ತಮಾಷೆ, ಅವನಿಗಲ್ಲ.

ಬಡಿದು ನೋಡಿ, ಬಣ್ಣ ನೋಡಿ

ಖಾಲಿ ಮಾಡಿ ಪ್ರೆಶರ್ ವಾಶ್ ಮಾಡಿದ ಮೇಲೆ ಸುತ್ತಿಗೆ ತೆಗೆದುಕೊಳ್ಳಿ. ಅಂಗೈ ಅಗಲಕ್ಕೆ ಒಂದು ಏಟಿನಂತೆ ಬಡಿಯುತ್ತಾ ಹೋಗಿ. ಗಟ್ಟಿ ಕಾಂಕ್ರೀಟು ಟಣ್ ಅನ್ನುತ್ತದೆ, ಒಳಗೆ ಬಿಟ್ಟಿದ್ದು ಡಬ್ ಅನ್ನುತ್ತದೆ. ಡಬ್ ಅಂದ ಜಾಗಕ್ಕೆಲ್ಲ ಚಾಕಿನಿಂದ ಗೆರೆ ಎಳೆಯಿರಿ. ಅದರ ಒಟ್ಟು ಚದರಡಿಯೇ ನಿಮ್ಮ ಗಾರೆಯ ಲೆಕ್ಕ.

ಆಮೇಲೆ ಆಸಿಡ್ ಎಷ್ಟು ಆಳ ಹೋಗಿದೆ ಅಂತ ನೋಡಬೇಕು. ಅಲ್ಲಲ್ಲಿ ಉಳಿಯಿಂದ ಸ್ವಲ್ಪ ಕೆತ್ತಿ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿ. ಶಾಲೆಯ ಲ್ಯಾಬಿನಲ್ಲಿ ನೋಡಿರುತ್ತೀರಿ, ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಗುಲಾಬಿ ಬಣ್ಣ ಬಂದರೆ ಪಿಎಚ್ ಸುಮಾರು 9ಕ್ಕಿಂತ ಮೇಲೆ ಇದೆ, ಕಾಂಕ್ರೀಟು ಆರೋಗ್ಯವಾಗಿದೆ. ಬಣ್ಣವೇ ಬರದಿದ್ದರೆ ಇನ್ನೂ ಕೆತ್ತಿ. ಗುಲಾಬಿ ಸಿಗುವ ತನಕ ಕೆತ್ತುವುದೇ ನಿಯಮ. ಕೆಲವು ಮೇಸ್ತ್ರಿಗಳು "ಇಷ್ಟು ಸಾಕು, ಮೇಲೆ ಸಾರಣೆ ಬರುತ್ತದಲ್ಲ" ಅನ್ನುತ್ತಾರೆ. ಆಸಿಡ್ ತಿಂದ ಮೆತ್ತಗಿನ ಪದರದ ಮೇಲೆ ಎಂಥ ಸಾರಣೆ ಹಾಕಿದರೂ ಅದು ಹಿಡಿದುಕೊಳ್ಳುವುದು ಆ ಪುಡಿಯನ್ನು, ಗೋಡೆಯನ್ನಲ್ಲ.

ಈ ಹಂತದಲ್ಲೇ ಒಂದು ತೀರ್ಮಾನಕ್ಕೆ ಬರಬಹುದು. ಸ್ಲ್ಯಾಬಿನ ಕಂಬಿಗಳು ಅರ್ಧಕ್ಕರ್ಧ ತೆಳ್ಳಗಾಗಿದ್ದರೆ ಕೋಟಿಂಗಿನ ಮಾತು ಬಿಡಿ. ಸ್ಲ್ಯಾಬನ್ನೇ ಒಡೆದು ಹೊಸದು ಹಾಕಿಸಿ. ಅದರ ಮೇಲೆ ಕಾರು ನಿಲ್ಲಿಸುವ ಅಂಗಳವಾದರೆ ಇಂಜಿನಿಯರಿಗೆ ತೋರಿಸದೆ ಮುಂದೆ ಹೋಗಬೇಡಿ. ಇನ್ನು ನಮ್ಮ ಕಡೆ ಹಳೇ ಮನೆಗಳಲ್ಲಿ ಮುರಕಲ್ಲು ಕಟ್ಟಿ ಒಳಗೆ ಸಿಮೆಂಟು ಸಾರಣೆ ಮಾಡಿದ ಟ್ಯಾಂಕುಗಳೇ ಜಾಸ್ತಿ. ಮುರಕಲ್ಲಿನಲ್ಲಿ ತೂತುಗಳು, ಕಲ್ಲಿನ ಸಂದಿನಲ್ಲಿ ಒಸರು, ಸಾರಣೆ ಅಲ್ಲಲ್ಲಿ ಬಿಟ್ಟಿರುತ್ತದೆ. ಅದಕ್ಕೆ ದುಬಾರಿ ಎಪಾಕ್ಸಿ ಬಳಿಯುವುದು ನನ್ನ ಲೆಕ್ಕದಲ್ಲಿ ದುಡ್ಡು ಗುಂಡಿಗೆ ಹಾಕಿದಂತೆ. ಒಂದೋ ಒಳಗಿನಿಂದ ಕಂಬಿ ಕಟ್ಟಿ ತೆಳು ಕಾಂಕ್ರೀಟು ಗೋಡೆ ಎಬ್ಬಿಸಿ, ಇಲ್ಲವೇ ಬಾವಿಯಿಂದ ದೂರ ಹೊಸ ಟ್ಯಾಂಕು ಇಡಿಸಿ. ಕೇರಳದ ಕಟ್ಟಡ ನಿಯಮದಲ್ಲಿ ಕುಡಿಯುವ ನೀರಿನ ಬಾವಿಗೂ ಇಂಥ ಗುಂಡಿಗೂ 7.5 ಮೀಟರ್ ಅಂತರ ಬೇಕು. ಸೆಂಟ್ಸ್ ಲೆಕ್ಕದ ಜಾಗದಲ್ಲಿ ಪಕ್ಕದ ಮನೆಯ ಬಾವಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕೆತ್ತು, ತಿಕ್ಕು, ತುಂಬು

ಮೆತ್ತಗಿನದ್ದನ್ನೆಲ್ಲ ಚಿಪ್ಪಿಂಗ್ ಮೆಷಿನಿನಲ್ಲಿ ತೆಗೆಯಿರಿ. ತುಕ್ಕು ಹಿಡಿದ ಕಂಬಿ ಕಂಡರೆ ಮುಂಭಾಗ ಮಾತ್ರ ತಿಕ್ಕಿ ಬಿಡಬಾರದು. ಕಂಬಿಯ ಹಿಂದೆಯೂ ಬೆರಳು ಹೋಗುವಷ್ಟು, ಅಂದರೆ 20 ಮಿಲಿಮೀಟರಿನಷ್ಟು, ಕಾಂಕ್ರೀಟು ತೆಗೆಯಬೇಕು. ಯಾಕೆಂದರೆ ಕಬ್ಬಿಣ ತುಕ್ಕಾಗುವಾಗ ಎರಡರಿಂದ ಆರು ಪಟ್ಟು ಉಬ್ಬುತ್ತದೆ. ಹಿಂದೆ ಉಳಿದ ತುಕ್ಕು ನಿಮ್ಮ ಹೊಸ ಗಾರೆಯನ್ನು ಒಳಗಿನಿಂದ ಒದ್ದು ಬೀಳಿಸುತ್ತದೆ. ವೈರ್ ಬ್ರಶ್ ಅಥವಾ ಮರಳು ಬ್ಲಾಸ್ಟಿಂಗಿನಲ್ಲಿ ಕಂಬಿ ಬೆಳ್ಳಗಾಗಲಿ. ದಪ್ಪದಲ್ಲಿ ಕಾಲುಭಾಗ ಹೋಗಿದ್ದರೆ ಪಕ್ಕದಲ್ಲಿ ಹೊಸ ಕಂಬಿ ಸೇರಿಸಿ. ಆಮೇಲೆ ಝಿಂಕ್ ಇರುವ ಪ್ರೈಮರ್ ಹಚ್ಚಿ. ಬೆಳಿಗ್ಗೆ ತಿಕ್ಕಿ ಮರುದಿನ ಹಚ್ಚುತ್ತೇವೆ ಅಂದರೆ ಆಗುವುದಿಲ್ಲ, ನಮ್ಮ ಕಡಲಗಾಳಿಗೆ ರಾತ್ರಿ ಬೆಳಗಾಗುವುದರೊಳಗೆ ಮತ್ತೆ ಕೆಂಪು ಬರುತ್ತದೆ.

ತುಂಬಲು ಸಾದಾ ಸಿಮೆಂಟು ಹೊಯಿಗೆ ಬೇಡ. ಪಾಲಿಮರ್ ಸೇರಿದ ರೆಡಿಮೇಡ್ ರಿಪೇರಿ ಮಾರ್ಟರ್ ಚೀಲದಲ್ಲಿ ಸಿಗುತ್ತದೆ. ಸಣ್ಣ ಕೆಲಸಕ್ಕೆ ಸಿಮೆಂಟಿನ ಒಂದು ಪಾಲಿಗೆ ಮೂರು ಪಾಲು ಮರಳು ಹಾಕಿ, ಎಸ್‌ಬಿಆರ್ ಲೇಟೆಕ್ಸನ್ನು (ಗಾರೆಗೆ ಬೆರೆಸುವ ರಬ್ಬರ್ ಜಾತಿಯ ಹಾಲಿನಂಥ ದ್ರವ) ಡಬ್ಬದಲ್ಲಿ ಬರೆದಷ್ಟು ಸೇರಿಸಿದರೂ ನಡೆಯುತ್ತದೆ. ಸಾಮಾನ್ಯವಾಗಿ ಅದು ಸಿಮೆಂಟಿನ ತೂಕದ 10ರಿಂದ 20% ಇರುತ್ತದೆ. ಒಂದೇ ಸಲ ದಪ್ಪ ಹಾಕಿದರೆ ಸ್ಲ್ಯಾಬಿನ ಅಡಿಯಿಂದ ಜಾರಿ ಬೀಳುತ್ತದೆ. 10ರಿಂದ 15 ಮಿಲಿಮೀಟರಿನ ಪದರಗಳಲ್ಲಿ ಹಾಕಿ. ಗ್ಯಾಸು ತುಂಬಾ ಇರುವ ಟ್ಯಾಂಕಿಗೆ ಕ್ಯಾಲ್ಸಿಯಂ ಅಲ್ಯೂಮಿನೇಟ್ ಸಿಮೆಂಟಿನ ಮಾರ್ಟರ್ ಒಳ್ಳೆಯದು. ಸಾದಾ ಸಿಮೆಂಟಿಗಿಂತ ಅದು ಈ ಆಸಿಡನ್ನು ಜಾಸ್ತಿ ತಡೆದುಕೊಳ್ಳುತ್ತದೆ, ಬೆಲೆಯೂ ಜಾಸ್ತಿ.

ಗೋಡೆ ನೆಲ ಸೇರುವ ಮೂಲೆಯಲ್ಲಿ 50 ಮಿಲಿಮೀಟರಿನ ಓರೆ ಗಾರೆ ಕೊಡಿ. ಚೂಪು ಮೂಲೆಯಲ್ಲಿ ಯಾವ ಕೋಟಿಂಗೂ ನಿಲ್ಲುವುದಿಲ್ಲ. ಪೈಪು ಗೋಡೆ ದಾಟುವ ಜಾಗವನ್ನು ಸುತ್ತಲೂ ಕೆತ್ತಿ ಗ್ರೌಟ್ (ಸಂದು ತುಂಬುವ ಗಾರೆ) ತುಂಬಿ. ಪಿವಿಸಿಯ ನಯವಾದ ಮೈಗೆ ಸಿಮೆಂಟು ಹಿಡಿಯುವುದಿಲ್ಲ, ಪೈಪನ್ನು ಮರಳು ಕಾಗದದಿಂದ ಒರಟು ಮಾಡಿಕೊಳ್ಳಿ.

ಒಸರು ಇದ್ದರೆ ಗಾರೆಗೂ ಮೊದಲೇ ಅದನ್ನು ನಿಲ್ಲಿಸಬೇಕು. ಸಣ್ಣ ತೂತಿಗೆ ಮೂರರಿಂದ ಐದು ನಿಮಿಷದಲ್ಲಿ ಗಟ್ಟಿಯಾಗುವ ಪ್ಲಗ್ ಸಿಮೆಂಟು. ಕೈಯಲ್ಲಿ ಉಂಡೆ ಮಾಡಿ, ಬಿಸಿ ಬರುವಾಗ ಒತ್ತಿ ಹಿಡಿಯಬೇಕು. ತೂತನ್ನು ಒಳಗೆ ಅಗಲ, ಹೊರಗೆ ಕಿರಿದು ಆಗುವ ಹಾಗೆ ಕೆತ್ತಿದರೆ ಅದು ಕಳಚಿ ಬರುವುದಿಲ್ಲ. ಉದ್ದ ಬಿರುಕಿನಿಂದ ನೀರು ಬರುತ್ತಿದ್ದರೆ ಪಾಲಿಯುರೆಥೇನ್ ಇಂಜೆಕ್ಷನ್. ಅದು ನೀರು ತಾಗಿದರೆ ನೊರೆಯಾಗಿ ಉಬ್ಬಿ ಬಿರುಕನ್ನು ತುಂಬುತ್ತದೆ. ಎಪಾಕ್ಸಿ ಇಂಜೆಕ್ಷನ್ ಬೇರೆ ಕೆಲಸಕ್ಕೆ, ಒಣಗಿದ ಬಿರುಕನ್ನು ಬಲವಾಗಿ ಬೆಸೆಯಲು. ಎರಡನ್ನೂ ಒಂದೇ ಅಂತ ಹೇಳುವವನಿಗೆ ಕೆಲಸ ಕೊಡಬೇಡಿ.

ಈಗ ಡಬ್ಬದ ಮಾತು

ಹಳೇ ಕಾಲದಿಂದ ಬಂದದ್ದು ಕೋಲ್‌ಟಾರ್ ಎಪಾಕ್ಸಿ. ಕಪ್ಪು ಬಣ್ಣ, ಅಗ್ಗ, ನೀರಿನೊಳಗೆ ಚೆನ್ನಾಗಿ ಬಾಳುತ್ತದೆ. ಆದರೆ ಒಳಗಿನ ಟಾರಿನಲ್ಲಿ ಕ್ಯಾನ್ಸರ್ ತರುವ ವಸ್ತುಗಳಿವೆ, ಗಾಳಿ ಆಡದ ಟ್ಯಾಂಕಿನಲ್ಲಿ ಬಳಿಯುವವನಿಗೆ ಅದು ಒಳ್ಳೆಯದಲ್ಲ. ಎರಡು ಕೋಟಿನಲ್ಲಿ 300ರಿಂದ 400 ಮೈಕ್ರಾನ್ ದಪ್ಪ ಬರುತ್ತದೆ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್). ಜೋರು ಗ್ಯಾಸಿನ ಸ್ಲ್ಯಾಬಿಗೆ ಅಷ್ಟು ಸಾಲದು.

ಸಾಮಾನ್ಯ ಫ್ಲಾಟು, ಲಾಡ್ಜಿನ ಟ್ಯಾಂಕಿಗೆ ನಾನು ಹೇಳುವುದು ಸಾಲ್ವೆಂಟ್ (ಒಣಗುವಾಗ ಆರಿಹೋಗುವ ಥಿನ್ನರಿನಂಥ ದ್ರವ) ಇಲ್ಲದ, ಒಂದು ಕೋಟಿಗೇ ದಪ್ಪ ಬರುವ ಹೈ ಬಿಲ್ಡ್ ಎಪಾಕ್ಸಿ, ಒಟ್ಟು 500 ಮೈಕ್ರಾನಿಗೆ ಕಡಿಮೆ ಇಲ್ಲದೆ. ಗ್ಯಾಸು ಜೋರಿರುವ ಸ್ಲ್ಯಾಬಿನ ಅಡಿಗೆ ಒಂದು ಮಿಲಿಮೀಟರಿನ ತನಕ ಹೋದರೂ ನಷ್ಟವಿಲ್ಲ. ಕಾರ್ಖಾನೆಯ ಆಸಿಡ್ ನೀರು, ರಬ್ಬರ್ ಹಾಲು ಗಟ್ಟಿ ಮಾಡಿದ ನೀರು ಬರುವಲ್ಲಿ ಆಸಿಡನ್ನು ಹೆಚ್ಚು ತಡೆಯುವ ನೋವೊಲ್ಯಾಕ್ ಎಪಾಕ್ಸಿ ಕೇಳಿ. ಬಿರುಕು ಬಿಡುತ್ತಲೇ ಇರುವ ಟ್ಯಾಂಕಿಗೆ ಪಾಲಿಯೂರಿಯಾ ಹೊಂದುತ್ತದೆ, ಅದು ರಬ್ಬರಿನಂತೆ ಎಳೆಯುತ್ತದೆ. ಆದರೆ ಅದನ್ನು ಬಿಸಿ ಮಾಡಿ ಎರಡು ದ್ರವ ಸೇರಿಸಿ ಸಿಂಪಡಿಸುವ ಮೆಷಿನ್ ಬೇಕು, ಸೆಕೆಂಡುಗಳಲ್ಲಿ ಗಟ್ಟಿಯಾಗುತ್ತದೆ, ಸಿಂಪಡಿಸುವವನಿಗೆ ಹೊರಗಿನ ಗಾಳಿ ಬರುವ ಮುಖವಾಡ ಬೇಕು. ಬ್ರಶ್ಶಿನಲ್ಲಿ ಬಳಿಯುವ ಪಾಲಿಯೂರಿಯಾ ಅಂತ ಯಾರಾದರೂ ಕಡಿಮೆ ರೇಟು ಹೇಳಿದರೆ ಡಬ್ಬದ ಚೀಟಿ ಓದಿ.

ಎರಡು ಸಿಮೆಂಟು ಜಾತಿಯ ಮಾಲುಗಳ ಬಗ್ಗೆ ಗೊಂದಲ ಇದೆ. ಕ್ರಿಸ್ಟಲೈನ್ ಅಂತ ಕರೆಯುವ ಪುಡಿ ಕಾಂಕ್ರೀಟಿನ ಸಣ್ಣ ರಂಧ್ರಗಳನ್ನು ಮುಚ್ಚಿ ಒಸರು ತಡೆಯುತ್ತದೆ, ಆದರೆ ಆಸಿಡಿಗೆ ಅದೂ ಸಿಮೆಂಟೇ. ತಾರಸಿಗೆ ಹೊಡೆಯುವ ಪಾಲಿಮರ್ ಸಿಮೆಂಟು ಕೋಟಿಂಗೂ ಹಾಗೆಯೇ. ನೀರಿನ ಗೆರೆಯ ಕೆಳಗೆ ಇವು ನಡೆಯುತ್ತವೆ, ಮೇಲೆ ನಡೆಯುವುದಿಲ್ಲ. ಒಸರುವ ಗೋಡೆಗೆ ಮೊದಲು ಎಪಾಕ್ಸಿ ಮತ್ತು ಸಿಮೆಂಟು ಸೇರಿದ ಮೂರು ಭಾಗದ ತೇವ ತಡೆ ಪದರ ಹಾಕಿ, ಅದರ ಮೇಲೆ ಎಪಾಕ್ಸಿ ಹೋದರೆ ಗುಳ್ಳೆಯ ಕಾಟ ಕಡಿಮೆ.

ಮಾಲು ಎಷ್ಟು ಬೇಕು? ಅದೇ 3, 2, 2 ಮೀಟರಿನ ಟ್ಯಾಂಕು ತೆಗೆದುಕೊಳ್ಳಿ. ಗೋಡೆ 20 ಚದರ ಮೀಟರ್, ನೆಲ 6, ಸ್ಲ್ಯಾಬಿನ ಅಡಿ 6, ಒಟ್ಟು 32. ಚದರಡಿಯಲ್ಲಿ ಸುಮಾರು 345. ಸಾಲ್ವೆಂಟ್ ಇಲ್ಲದ ಎಪಾಕ್ಸಿ ಒಂದು ಲೀಟರ್ ಬಳಿದರೆ 500 ಮೈಕ್ರಾನಿನಲ್ಲಿ 2 ಚದರ ಮೀಟರ್ ಬರುತ್ತದೆ. ಅಂದರೆ 16 ಲೀಟರ್. ಒರಟು ಮೈ, ಬಕೆಟಿನಲ್ಲಿ ಉಳಿದದ್ದು ಸೇರಿ 19 ಲೀಟರ್ ಇಟ್ಟುಕೊಳ್ಳಿ. ಕಂಟ್ರಾಕ್ಟರ್ 8 ಲೀಟರ್ ಮಾಲು ತಂದು ಕೆಲಸ ಮುಗಿಸಿದರೆ ದಪ್ಪ ಎಷ್ಟು ಬಂದಿದೆ ಅಂತ ನಿಮಗೇ ಗೊತ್ತಾಗುತ್ತದೆ. ಖಾಲಿ ಡಬ್ಬಗಳನ್ನು ಬಿಲ್ ಆಗುವ ತನಕ ಎಸೆಯಲು ಬಿಡಬೇಡಿ.

ಬಳಿಯುವ ದಿನ

ಸಿಮೆಂಟು ಗಾರೆ ಸರಿಯಾಗಿ ಒಣಗಬೇಕು. ಸಾದಾ ಎಪಾಕ್ಸಿಗೆ 28 ದಿನ ಅನ್ನುತ್ತಾರೆ. ತೇವ ತಡೆಯುವ ಪ್ರೈಮರ್ ಇದ್ದರೆ ಕಂಪನಿ ಹೇಳಿದಷ್ಟು ದಿನ ಸಾಕು. ಒಣಗಿದೆಯಾ ಅಂತ ನೋಡಲು ಮೊಳದಷ್ಟು ಅಗಲದ ಪ್ಲಾಸ್ಟಿಕ್ ಶೀಟನ್ನು ಗೋಡೆಗೆ ನಾಲ್ಕೂ ಬದಿ ಟೇಪ್ ಅಂಟಿಸಿ ರಾತ್ರಿ ಬಿಡಿ. ಬೆಳಿಗ್ಗೆ ಒಳಗೆ ನೀರ ಹನಿ ಇದ್ದರೆ ಇನ್ನೂ ಕಾಯಬೇಕು. ಗೋಡೆ ನಯವಾಗಿದ್ದರೆ ಗ್ರೈಂಡರಿನಲ್ಲಿ ಒರಟು ಮಾಡಿ, ಧೂಳು ವ್ಯಾಕ್ಯೂಮಿನಲ್ಲಿ ತೆಗೆಯಿರಿ. ಗುಡಿಸಿದರೆ ಧೂಳು ಎದ್ದು ಮತ್ತೆ ಅಲ್ಲೇ ಕೂರುತ್ತದೆ.

ಗಾಳಿಯ ತೇವ 85% ದಾಟಿದರೆ ಬಳಿಯಬೇಡಿ. ತೇವ ಜಾಸ್ತಿ ಇದ್ದಾಗ ಎಪಾಕ್ಸಿಯ ಮೇಲೆ ಜಿಡ್ಡಿನ ಪದರ ಬರುತ್ತದೆ. ಅದನ್ನು ತೊಳೆಯದೆ ಎರಡನೇ ಕೋಟು ಹೊಡೆದರೆ ಎರಡೂ ಒಂದಕ್ಕೊಂದು ಹಿಡಿಯುವುದಿಲ್ಲ. ಬೆಳಿಗ್ಗೆ ಬಿಸಿಲೇರುವಾಗ ಬಳಿದರೂ ತೊಂದರೆ: ಕಾಂಕ್ರೀಟು ಬಿಸಿಯಾಗುತ್ತಾ ಒಳಗಿನ ಗಾಳಿಯನ್ನು ಹೊರಗೆ ದೂಡುತ್ತದೆ, ಹಸಿ ಕೋಟಿಂಗಿನಲ್ಲಿ ಸೂಜಿ ತೂತುಗಳಾಗುತ್ತವೆ. ಮಧ್ಯಾಹ್ನ ಕಳೆದು ಬಿಸಿ ಇಳಿಯುವಾಗ ಬಳಿಯುವುದು ಒಳ್ಳೆಯದು.

ಎ, ಬಿ ಎರಡು ಡಬ್ಬ ಬರುತ್ತವೆ. ಅರ್ಧ ಅರ್ಧ ಅಂದಾಜಿನಲ್ಲಿ ಸುರಿಯಬೇಡಿ, ಪೂರ್ತಿ ಡಬ್ಬ ಪೂರ್ತಿ ಡಬ್ಬಕ್ಕೆ ಸೇರಿಸಿ. ಭಾಗ ಮಾಡಲೇಬೇಕಿದ್ದರೆ ತಕ್ಕಡಿಯಲ್ಲಿ ತೂಗಿ. ನಿಧಾನಕ್ಕೆ ತಿರುಗುವ ಡ್ರಿಲ್ಲಿನಲ್ಲಿ ಮೂರು ನಿಮಿಷ, ಬದಿ ತಳ ಕೆರೆದು ಕಲಸಿ. ನಮ್ಮ ಏಪ್ರಿಲ್ ಸೆಕೆಗೆ ಕಲಸಿದ ಮಾಲು ಅರ್ಧ ಗಂಟೆಯೂ ತಡೆಯುವುದಿಲ್ಲ. ಬಕೆಟು ಕೈಗೆ ಬಿಸಿ ಹತ್ತಿದರೆ ಅದು ಹೋಯಿತು. ಥಿನ್ನರ್ ಸುರಿದು ಎಳೆಯಲು ಹೋಗಬೇಡಿ. ಮೊದಲು ಮೂಲೆ, ಪೈಪಿನ ಸುತ್ತ, ಮ್ಯಾನ್‌ಹೋಲಿನ ಕತ್ತು ಇವಕ್ಕೆ ಬ್ರಶ್ಶಿನಲ್ಲಿ ಒಂದು ಕೈ, ಆಮೇಲೆ ರೋಲರ್. ಎರಡು ಕೋಟಿಗೆ ಎರಡು ಬಣ್ಣ ಇಟ್ಟುಕೊಳ್ಳಿ, ಬಿಟ್ಟುಹೋದ ಜಾಗ ತಾನೇ ಕಾಣುತ್ತದೆ. ಎರಡನೇ ಕೋಟಿಗೆ ಎಷ್ಟು ಗಂಟೆಯ ಅಂತರ ಅಂತ ಚೀಟಿಯಲ್ಲಿ ಇರುತ್ತದೆ. ಆ ಅವಧಿ ದಾಟಿದರೆ ಮರಳು ಕಾಗದ ತಿಕ್ಕಿ ಒರಟು ಮಾಡದೆ ಮುಂದಿನ ಕೋಟು ಬೇಡ.

ಬಳಿಯುವಾಗಲೂ ಬ್ಲೋವರ್, ಮೀಟರು, ಹಗ್ಗ ಎಲ್ಲಾ ಮೊದಲಿನಂತೆಯೇ. ಬೀಡಿ ಇಲ್ಲ, ಸಾದಾ ಬಲ್ಬು ಇಲ್ಲ, 24 ವೋಲ್ಟಿನ ಮುಚ್ಚಿದ ಲೈಟು. ಮೈಗೆ ತಾಗಿದ ಎಪಾಕ್ಸಿಯನ್ನು ಥಿನ್ನರಿನಲ್ಲಿ ಒರೆಸಿದರೆ ಚರ್ಮದೊಳಗೆ ಇಳಿದು ತುರಿಕೆ ಅಂಟಿಕೊಳ್ಳುತ್ತದೆ. ಸೋಪು ನೀರು ಬಳಸಿ. ನೈಟ್ರೈಲ್ ಗ್ಲೌಸ್ ಕೊಡಿಸಿ.

ತುಂಬುವ ಮೊದಲು, ತುಂಬಿದ ಮೇಲೆ

ಏಳು ದಿನ ಬಿಡಿ. ದೊಡ್ಡ ಟ್ಯಾಂಕಾದರೆ ಸ್ಪಾರ್ಕ್ ಟೆಸ್ಟ್ ಮಾಡಿಸಿ. ಸೂಜಿ ತೂತು ಇದ್ದಲ್ಲಿ ಕಿಡಿ ಹಾರುತ್ತದೆ, ಅಲ್ಲಿ ಉಜ್ಜಿ ಮತ್ತೆ ಬಳಿಯಬೇಕು. ಕಿಡಿ ಹಾರುವ ಟೆಸ್ಟ್ ಆದ್ದರಿಂದ ಗ್ಯಾಸ್ ಮೀಟರು ಸೊನ್ನೆ ತೋರಿಸಿದ ಮೇಲೆ ಮಾತ್ರ. ಆಮೇಲೆ ಒಳ್ಳೆ ನೀರು ತುಂಬಿ, ಗೆರೆ ಹಾಕಿ, ಒಂದು ಬಕೆಟಿನಲ್ಲೂ ನೀರು ಇಟ್ಟು ಪಕ್ಕದಲ್ಲಿಡಿ. ಮರುದಿನ ಟ್ಯಾಂಕಿನಲ್ಲಿ ಬಕೆಟಿಗಿಂತ ಜಾಸ್ತಿ ಇಳಿದಿದ್ದರೆ ಸೋರುತ್ತಿದೆ ಅಂತ ಅರ್ಥ. ಆ ನೀರನ್ನು ತೋಟಕ್ಕೆ ಬಿಡಬಹುದು.

ಗ್ಯಾಸು ಕಡಿಮೆ ಮಾಡಿದರೆ ಕೋಟಿಂಗಿನ ಆಯಸ್ಸು ತಾನೇ ಜಾಸ್ತಿಯಾಗುತ್ತದೆ. ಗಾಳಿ ಪೈಪು ಮನೆಯ ಮಾಡಿಗಿಂತ ಮೇಲೆ ಹೋಗಲಿ, ಬಾಯಿಗೆ ಸೊಳ್ಳೆ ಬಲೆ ಇರಲಿ. ಕೊಳಚೆ ಮೇಲಿನಿಂದ ಧೊಪ್ಪನೆ ಬೀಳುವ ಹಾಗೆ ಬಿಡಬೇಡಿ, ಕಲಕಿದಷ್ಟು ಗ್ಯಾಸು ನೀರಿನಿಂದ ಬಿಡುಗಡೆಯಾಗುತ್ತದೆ. ಇಂಗ್ಲಿಷಿನ T ಆಕಾರದ ಪೈಪು ಹಾಕಿ ನೀರಿನೊಳಗೆ ಇಳಿಸಿ. ಸೆಪ್ಟಿಕ್ ಟ್ಯಾಂಕಿನ ಕೆಸರನ್ನು ಎರಡು ಮೂರು ವರ್ಷಕ್ಕೊಮ್ಮೆ ತೆಗೆಸಿ. ಫ್ಲಾಟಿನ ಶುದ್ಧೀಕರಣ ಘಟಕದಲ್ಲಿ ಕರೆಂಟು ಬಿಲ್ಲಿಗೆ ಹೆದರಿ ರಾತ್ರಿ ಗಾಳಿ ಮೋಟರು ಆಫ್ ಮಾಡುವ ಅಭ್ಯಾಸ ಇದೆ. ನೀರು ಹಳಸಿ ಗ್ಯಾಸು ಏಳುವುದು ಆ ಹೊತ್ತಿನಲ್ಲೇ. ಅಸೋಸಿಯೇಶನ್ ಮೀಟಿಂಗಿನಲ್ಲಿ ಈ ಮಾತು ಎತ್ತಿ, ಜಗಳ ಆದರೂ ಪರವಾಗಿಲ್ಲ.

ಕೊಟೇಶನ್ ಕೇಳುವಾಗ ಚದರಡಿಗೆ ಇಷ್ಟು ಅಂತ ಒಂದೇ ಸಂಖ್ಯೆ ಒಪ್ಪಬೇಡಿ. ಕೆತ್ತುವುದಕ್ಕೆ, ಗಾರೆಗೆ, ಒಸರು ನಿಲ್ಲಿಸುವುದಕ್ಕೆ, ಕೋಟಿಂಗಿಗೆ ಬೇರೆ ಬೇರೆ ರೇಟು ಬರೆಸಿ. ಒಣಗಿದ ಮೇಲೆ ಎಷ್ಟು ಮೈಕ್ರಾನ್, ಯಾವ ಮಾಲು, ಸ್ಲ್ಯಾಬಿನ ಅಡಿ ಸೇರಿದೆಯಾ, ಗ್ಯಾಸ್ ಮೀಟರು ಮತ್ತು ಬ್ಲೋವರ್ ಯಾರದ್ದು, ಇವು ಕಾಗದದಲ್ಲಿ ಇರಲಿ. ದುಡ್ಡಿನ ಒಂದು ಪಾಲನ್ನು ಮಳೆಗಾಲ ಕಳೆದು ಅಕ್ಟೋಬರಿನಲ್ಲಿ ಮುಚ್ಚಳ ತೆಗೆದು ನೋಡಿದ ಮೇಲೆ ಕೊಡುವುದು ಅಂತ ಮೊದಲೇ ಮಾತಾಡಿಕೊಳ್ಳಿ. ಆಗಲೂ ತಲೆ ಒಳಗೆ ಹಾಕದೆ ದೂರದಿಂದ ಟಾರ್ಚ್ ಬಿಟ್ಟು ನೋಡಿ, ಇಲ್ಲವೇ ಮೊಬೈಲನ್ನು ಕೋಲಿಗೆ ಕಟ್ಟಿ ವಿಡಿಯೋ ತೆಗೆಯಿರಿ.